ಇದ್ದ ಹಾಗೆ ಬಂದ ರಕ್ತ

ನಾನು ಒಂದು ತಿರುಗುವ ಯಂತ್ರ. ರಕ್ತ ಪರೀಕ್ಷೆಯ ಕೋಣೆಗಳಲ್ಲಿ ನನ್ನನ್ನು ಸೆಂಟ್ರಿಫ್ಯೂಜ್ ಎನ್ನುತ್ತಾರೆ. ದುಂಡಗೆ, ಗಿಡ್ಡಗೆ, ಮೇಲೊಂದು ಮುಚ್ಚಳ ಹೊತ್ತುಕೊಂಡು ಇರುವುದರಿಂದ ಹೊಸಬರು ನನ್ನನ್ನು ಅನ್ನ ಮಾಡುವ ಕುಕ್ಕರ್ ಎಂದುಕೊಳ್ಳುವುದುಂಟು. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಕುಕ್ಕರ್ ಕೂತಲ್ಲೇ ಕೂತು ಬೇಯುತ್ತದೆ. ನನಗೆ ಕೂರುವುದೆಂದರೆ ಆಗದು. ಗುಂಡಿ ಒತ್ತಿದರೆ ಸಾಕು, ಗಾಳಿಯೂ ಹಿಂದೆ ಬೀಳುವಂತೆ ತಿರುಗುತ್ತೇನೆ. ಗುಂಡಿ ಒತ್ತದೆ ಬಿಟ್ಟರೆ ಒಳಗೊಳಗೇ ಚಡಪಡಿಸುತ್ತೇನೆ.

ಹುಟ್ಟಿದ್ದು ದೂರದ ಅಂಬಾಲದ ಒಂದು ಕಾರ್ಖಾನೆಯಲ್ಲಿ. ಕಾದ ಅಲ್ಯೂಮಿನಿಯಂ ಎರಕ ಹೊಯ್ದು ನನ್ನ ಚಕ್ರ ಮಾಡಿದರು. ಅದರ ಸುತ್ತ ಗಾಜಿನ ಟ್ಯೂಬುಗಳು ಓರೆಯಾಗಿ ಕೂರುವಂತೆ ಕುಳಿಗಳನ್ನು ಕೊರೆದರು. ಕೆಳಗೆ ಮೋಟಾರು ಕೂರಿಸಿ ಮೊದಲ ಸಲ ಕರೆಂಟು ಕೊಟ್ಟಾಗ ನಾನು ಮೇಜಿನಿಂದ ಜಿಗಿದು ಬೀಳುವುದರಲ್ಲಿದ್ದೆ. ಅಲ್ಲಿನ ಮುದುಕ ಮೇಸ್ತ್ರಿ ನನ್ನ ಗಡಗಡ ಸದ್ದಿಗೆ ಕಿವಿಗೊಟ್ಟು, ಚಕ್ರದ ಒಂದು ಅಂಚನ್ನು ಅರದಿಂದ ಒಂದಿಷ್ಟು ಉಜ್ಜಿದ. ಆಮೇಲೆ ನನ್ನ ಸದ್ದು ಜೇನಿನ ಗುಂಯ್‌ಗುಡುವಿಕೆಗೆ ಇಳಿಯಿತು. ಮೇಸ್ತ್ರಿ ತೃಪ್ತಿಯಿಂದ ಬೀಡಿ ಹಚ್ಚಿದ. ನನ್ನನ್ನು ಪೆಟ್ಟಿಗೆಗೆ ತುಂಬಿ ಲಾರಿಗೆ ಏರಿಸಿದರು.

ನನ್ನ ಸ್ವಭಾವಕ್ಕೆ ಸ್ವಲ್ಪವೂ ಒಗ್ಗದ ಎರಡು ನಿಯಮಗಳು ಹುಟ್ಟಿನಿಂದಲೇ ಬೆನ್ನು ಹತ್ತಿವೆ. ಮೊದಲನೆಯದು ಎದುರು ತೂಕ. ನನ್ನ ಒಂದು ಕುಳಿಯಲ್ಲಿ ರಕ್ತದ ಟ್ಯೂಬು ಇಟ್ಟರೆ, ನೇರ ಎದುರಿನ ಕುಳಿಯಲ್ಲಿ ಅಷ್ಟೇ ತೂಕದ ಇನ್ನೊಂದು ಟ್ಯೂಬು ಇಡಲೇಬೇಕು. ಎರಡನೆಯ ರಕ್ತ ಇಲ್ಲದಿದ್ದರೆ ನೀರಾದರೂ ತುಂಬಿಡಬೇಕು. ಒಂಟಿಯಾಗಿ ಇಟ್ಟರೆ ನಾನು ಕುಣಿದು ಟ್ಯೂಬು ಒಡೆಯುತ್ತೇನೆ. ಎರಡನೆಯದು ನಿಲ್ಲುವ ರೀತಿ. ಸುತ್ತಿ ಮುಗಿದ ಮೇಲೆ ನಾನು ನಿಧಾನವಾಗಿ, ನನ್ನಷ್ಟಕ್ಕೆ ನಿಲ್ಲಬೇಕು. ಅವಸರಕ್ಕೆ ಯಾರಾದರೂ ಕೈಯಿಂದ ತಡೆದರೆ ಅಷ್ಟು ಹೊತ್ತು ಬೇರೆ ಮಾಡಿದ್ದೆಲ್ಲ ಮತ್ತೆ ಕಲಸಿಹೋಗುತ್ತದೆ. ತಿರುಗುವುದು ನನಗೆ ತಾನಾಗಿ ಬಂತು. ನಿಲ್ಲುವುದನ್ನು ಮಾತ್ರ ಕೊನೆಯವರೆಗೂ ಹಲ್ಲು ಕಚ್ಚಿಕೊಂಡೇ ಮಾಡಿದೆ.

ಲಾರಿ ನನ್ನನ್ನು ಇಳಿಸಿದ್ದು ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ. ಹೆಸರು ಬೇಡ ಬಿಡಿ. ಅಲ್ಲಿನ ರಕ್ತದ ಕೋಣೆಯಲ್ಲಿ ರೇಷ್ಮಾ ನದಾಫ್ ಎಂಬ ಟೆಕ್ನಿಷಿಯನ್ ಇದ್ದರು. ಎಲ್ಲರೂ ಅವರನ್ನು ನದಾಫ್ ಮೇಡಂ ಎನ್ನುತ್ತಿದ್ದರು. ಅವರ ಓಡಾಟ ನನಗೆ ಬಹಳ ಹಿಡಿಸಿತು. ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಹತ್ತಿ, ಬಾಯಲ್ಲಿ ಮಾತು. ಮಕ್ಕಳಿಗೆ, ಮುದುಕರಿಗೆ, ರಕ್ತ ಕಂಡರೆ ಕಣ್ಣು ಮೇಲೆ ಮಾಡುವ ಪೈಲ್ವಾನರಿಗೆ, ಎಲ್ಲರಿಗೂ ಅವರ ಹತ್ತಿರ ಒಂದೊಂದು ಮಾತು ಇರುತ್ತಿತ್ತು.

ನನ್ನ ಕೆಲಸ ಇಷ್ಟೇ. ಟ್ಯೂಬು ಒಳಗೆ ಬರುವಾಗ ಎಲ್ಲರ ರಕ್ತವೂ ಒಂದೇ ಕೆಂಪು. ನಾನು ತಿರುಗಿ ನಿಂತಾಗ ಕೆಂಪು ತಳಕ್ಕೆ ಇಳಿದಿರುತ್ತದೆ. ಮೇಲೆ ಎಳೆಬಿಸಿಲಿನ ಬಣ್ಣದ ನೀರು ನಿಂತಿರುತ್ತದೆ. ನೇರಳೆ ಮುಚ್ಚಳದ ಟ್ಯೂಬಾದರೆ ಇವೆರಡರ ನಡುವೆ ತೆಳ್ಳಗೆ ಒಂದು ಬಿಳಿ ಗೆರೆಯೂ ಇರುತ್ತದೆ. ಮೇಲಿನ ಹಳದಿ ನೀರಿನಲ್ಲಿ ಮೈಯೊಳಗಿನ ಉರಿಯ ಸುಳಿವು ಸಿಗುತ್ತದೆ. ಎಲ್ಲಾದರೂ ಉರಿಯೂತ ಇದ್ದರೆ ಸಿಆರ್‌ಪಿ ಎಂಬ ಒಂದು ಅಂಶ ಅದರಲ್ಲಿ ಏರಿರುತ್ತದೆ. ನಡುವಿನ ಬಿಳಿ ಗೆರೆಯಲ್ಲಿ ಅಪ್ಪ ಅಮ್ಮ ಕೊಟ್ಟ ಜೀನುಗಳಿರುತ್ತವೆ. ಇದನ್ನೆಲ್ಲ ಓದುವ ಬೇರೆ ಯಂತ್ರಗಳಿವೆ, ನಾನು ಓದಲಾರೆ. ಕಲಸಿದ್ದನ್ನು ಬೇರೆ ಮಾಡಿ ಕೊಡುವುದಷ್ಟೇ ನನ್ನ ಪಾಲಿಗೆ ಬಂದದ್ದು.

ಅನುಸೂಯಾ ಬಡಿಗೇರ ಮೊದಲ ಸಲ ಬಂದದ್ದು ಖಾಕಿ ಅಂಗಿಯಲ್ಲಿ. ಸರ್ಕಾರಿ ಬಸ್ಸಿನ ಕಂಡಕ್ಟರ್. ಹುಬ್ಬಳ್ಳಿಯಿಂದ ನವಲಗುಂದ, ನರಗುಂದ ದಾಟಿ ಹೋಗುವ ಉದ್ದನೆಯ ರೂಟು ಅವಳದು. ಕತ್ತಿನಲ್ಲಿ ಸೀಟಿ ತೂಗುತ್ತಿತ್ತು. ಕುರ್ಚಿಯಲ್ಲಿ ತುದಿಗೆ ಕೂತು, ಒಂದು ಕಣ್ಣು ಬಾಗಿಲ ಮೇಲೆ, ಇನ್ನೊಂದು ಕಣ್ಣು ಬಚ್ಚಲು ಎಲ್ಲಿದೆ ಎಂಬುದರ ಮೇಲೆ. ನನ್ನಷ್ಟೇ ಚಡಪಡಿಕೆಯ ಒಂದು ಜೀವವನ್ನು ನಾನು ನೋಡಿದ್ದು ಅದೇ ಮೊದಲು. ಆ ಕ್ಷಣವೇ ನನಗೆ ಅವಳು ಹಿಡಿಸಿದಳು.

ಅವಳಿಗೆ ತಿಂಗಳುಗಳಿಂದ ಹೊಟ್ಟೆ ನುಲಿತ, ಮಲದಲ್ಲಿ ರಕ್ತ. ಮೊದಮೊದಲು ಯಾರಿಗೂ ಹೇಳಿರಲಿಲ್ಲ. ಎಂಥ ಮಾತನ್ನಾದರೂ ಬಾಯಿಬಿಟ್ಟು ಹೇಳಬಹುದು, ಇದನ್ನು ಹೇಗೆ ಹೇಳುವುದು? ಕೊನೆಗೆ ಡಾಕ್ಟರ್ ಸುಮಂತ ಹಂಪಿಹೊಳಿ ದೀಪದ ಕೊಳವೆ ಹಾಕಿ ಕರುಳು ನೋಡಿ, ದೊಡ್ಡ ಕರುಳಿನ ಒಳಪದರವೆಲ್ಲ ಹುಣ್ಣಾಗಿದೆ ಎಂದರು. ಸೂಜಿ ಚುಚ್ಚುವ ಹೊತ್ತಿಗೆ ಅವರೇ ನಮ್ಮ ಕೋಣೆಗೆ ಬಂದು ಅವಳ ಪಕ್ಕ ನಿಂತರು. ಒಳ್ಳೆಯ ಮನುಷ್ಯ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ.

"ನೋಡವಾ, ನಮ್ಮ ರಕ್ತದಾಗ ಕಾವಲುಗಾರರು ಅದಾರ. ಹೊರಗಿನ ಕಳ್ಳರನ್ನ ಹೊಡಿಯೋದು ಅವರ ಕೆಲಸ. ನಿನ್ನ ಕಾವಲುಗಾರರು ದಾರಿ ತಪ್ಪ್ಯಾರ. ಮನಿಯವರನ್ನೇ ಕಳ್ಳರು ಅಂತ ತಿಳದು ಕರುಳನ್ನ ಹೊಡ್ಯಾಕತ್ತಾರ" ಎಂದರು.

"ನಾ ಏನ್ ತಿಂದು ಹಿಂಗಾತ್ರಿ?"

"ತಿಂದದ್ದಲ್ಲ. ನಿನ್ನ ತಪ್ಪೂ ಅಲ್ಲ. ಗುಳಿಗಿ ಕೊಡ್ತೇನಿ. ಆಗಾಗ ರಕ್ತ ನೋಡೋಣ. ರಕ್ತದಾಗ ಉರಿ ಇಳೀಲಿಲ್ಲಂದ್ರ ಆ ಉದ್ದನ್ನ ರೂಟು ಬಿಟ್ಟು, ಡಿಪೋದಾಗ ಕುಂತು ಮಾಡೋ ಕೆಲಸ ತಗೋಬೇಕಾಗತೈತಿ."

ಅನುಸೂಯಾ ತೋಳಿನ ಹತ್ತಿಯನ್ನು ಒತ್ತಿ ಹಿಡಿದಳು. ಡಾಕ್ಟರು ಹೋದ ಮೇಲೆ ನದಾಫ್ ಮೇಡಂ ಹತ್ತಿರ ಹೇಳಿದಳು: "ಮೇಡಂ, ನನ್ನ ಗಂಡ ತೀರಿಕೊಂಡ ಮ್ಯಾಲೆ ಬಂದ ನೌಕರಿ ಇದು. ಮನ್ಯಾಗ ಕುಂತ್ರ ಗ್ವಾಡಿ ತಿನ್ನಾಕ ಬರತಾವ. ಬಸ್ಸಿನ್ಯಾಗ ನಿಂತ್ರ ಎಲ್ಲಾ ಮರೀತೇನ್ರಿ. ಆ ರೂಟು ಬಿಡಿಸಿದ್ರ ನಾ ಇದ್ದೂ ಇಲ್ಲದಂಗ."

ನನಗೆ ಅದು ಅರ್ಥವಾಯಿತು. ನನ್ನ ಪ್ಲಗ್ಗು ಕಿತ್ತು ಅಲಮಾರಿಯಲ್ಲಿಟ್ಟರೆ ನಾನೂ ಅದನ್ನೇ ಹೇಳುತ್ತಿದ್ದೆ.

ಆಮೇಲೆ ಅವಳು ಆಗಾಗ ಬರತೊಡಗಿದಳು. ಪ್ರತಿ ಸಲವೂ ಅವಳ ರಕ್ತವನ್ನು ನಾನು ತಿರುಗಿಸಿದೆ. ಬೇರೆ ರೋಗಿಯ ಟ್ಯೂಬು ಇಲ್ಲದ ದಿನ ನದಾಫ್ ಮೇಡಂ ಎದುರಿಗೆ ನೀರಿನ ಟ್ಯೂಬು ಇಡುತ್ತಿದ್ದರು. ವರದಿ ಪ್ರತಿ ಸಲವೂ ಚೆನ್ನಾಗಿಯೇ ಬಂತು. ಸಿಆರ್‌ಪಿ ಇರಬೇಕಾದಷ್ಟೇ ಇತ್ತು. ಡಾಕ್ಟರು ಖುಷಿಯಾದರು. "ಗುಳಿಗಿ ಹತ್ಯಾವ. ಇದನ್ನೇ ಮುಂದುವರಿಸೋಣ" ಎಂದರು. ಆದರೆ ಆ ಹೆಂಗಸಿನ ಮುಖ ಬರಬರುತ್ತಾ ಬಿಳಿಚುತ್ತಿತ್ತು. ಖಾಕಿ ಅಂಗಿ ಭುಜದಲ್ಲಿ ಜೋತು ಬೀಳುತ್ತಿತ್ತು. ನದಾಫ್ ಮೇಡಂ ಕೇಳಿದರೆ, "ಬಿಸಲಿನ ರೂಟು ನೋಡ್ರಿ, ಅದಕ್ಕ" ಎಂದು ನಗುತ್ತಿದ್ದಳು. ಹೋಗುವ ಮುಂಚೆ ಒಂದು ಮಾತು ಮಾತ್ರ ತಪ್ಪದೆ ಕೇಳುತ್ತಿದ್ದಳು: "ಮುಂದಿನ ಸಲ ಯಾವತ್ತರಿ? ಅವತ್ತೇ ಖಾಯಂ ಹೌದಲ್ರಿ?"

ಇಷ್ಟು ಕರಾರುವಾಕ್ಕಾದ ರೋಗಿ ಇನ್ನೊಬ್ಬರಿಲ್ಲ ಎಂದು ನದಾಫ್ ಮೇಡಂ ಹೊಗಳುತ್ತಿದ್ದರು. ನಾನೂ ಹಾಗೇ ಅಂದುಕೊಂಡೆ.

ಆ ವರ್ಷ ಹಂಪಿಹೊಳಿ ಡಾಕ್ಟರಿಗೆ ಒಂದು ಅಧ್ಯಯನದ ಹುಚ್ಚು ಹಿಡಿಯಿತು. ಈ ಕರುಳಿನ ಉರಿ ಇರುವವರಲ್ಲಿ ಕಾವಲುಗಾರರನ್ನು ಆಳುವ ಜೀನುಗಳು ಎಲ್ಲಿ, ಎಷ್ಟು ಬದಲಾಗಿವೆ ಎಂದು ಅವರು ಹುಡುಕಹೊರಟಿದ್ದರು. ಬೇರೆ ದೇಶದವರಲ್ಲಿ ಸಿಕ್ಕ ಬದಲಾವಣೆಗಳು ನಮ್ಮವರಲ್ಲಿ ಹಾಗೆಯೇ ಸಿಗುವುದಿಲ್ಲವಂತೆ. ಅದಕ್ಕೆ ರೋಗಿಯ ರಕ್ತ ಬೇಕು, ರೋಗವಿಲ್ಲದ ಒಡಹುಟ್ಟಿದವರ ರಕ್ತವೂ ಬೇಕು, ಎರಡೂ ಒಂದೇ ದಿನ ಬೇಕು. ನನಗೆ ಹಬ್ಬ. ದಿನವಿಡೀ ತಿರುಗುವ ಕೆಲಸ.

ಒಂದು ಬೆಳಿಗ್ಗೆ ಅನುಸೂಯಾಳ ತಂಗಿ ಕಸ್ತೂರಿ ಬಂದಳು. ಹೊಲಿಗೆ ಮಾಡುವವಳು, ಕತ್ತಿಗೆ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಅಕ್ಕನಿಗೆ ಒಳ್ಳೆಯದಾಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಡಾಕ್ಟರಿಗೆ ತಾನೇ ಫೋನು ಮಾಡಿ ರಕ್ತ ಕೊಡಲು ಬಂದಿದ್ದಳು. ಡ್ಯೂಟಿಗೆ ಹೊರಟಿದ್ದ ಅಕ್ಕನನ್ನು ಕೈಹಿಡಿದು ಜೊತೆಗೆ ಎಳೆದು ತಂದಿದ್ದಳು.

"ಇಬ್ಬರದೂ ಇವತ್ತೇ ತಗೋಬೇಕು" ಎಂದರು ನದಾಫ್ ಮೇಡಂ.

ಅನುಸೂಯಾ ಬಾಗಿಲಲ್ಲೇ ನಿಂತಳು. "ನಂದು ಇವತ್ತ ಬ್ಯಾಡ್ರಿ. ಮುಂದಿನ ವಾರ ಐತಲ್ರಿ ನಂದು."

"ಅದು ಬ್ಯಾರೆ, ಇದು ಬ್ಯಾರೆ. ಬರ್ರಿ, ಕುಂದರ್ರಿ."

"ನಾ ತಯಾರಾಗಿ ಬಂದಿಲ್ರಿ ಮೇಡಂ."

"ರಕ್ತ ಕೊಡಾಕ ಏನ್ ತಯಾರಿ ಬೇಕ್ರಿ? ಮದುವಿಗೆ ಹೊಂಟೀರೇನು?" ಎಂದು ನದಾಫ್ ಮೇಡಂ ನಕ್ಕರು. ಕಸ್ತೂರಿಯೂ ನಕ್ಕಳು. ಅನುಸೂಯಾ ನಗಲಿಲ್ಲ. ತಂಗಿಯ ಮುಖ ನೋಡಿ, ಬೇರೆ ದಾರಿ ಕಾಣದೆ ಅಂಗಿಯ ತೋಳು ಮಡಚಿದಳು.

ಅವತ್ತು ನೀರಿನ ಟ್ಯೂಬು ಬೇಕಾಗಲಿಲ್ಲ. ಅಕ್ಕನ ಎದುರು ತಂಗಿಯನ್ನು ಕೂರಿಸಿದರು. ಇಬ್ಬರ ತೂಕವೂ ಸರಿಹೊಂದಿತು. ನಾನು ಅಷ್ಟು ಹಗುರಾಗಿ, ಅಷ್ಟು ನುಣುಪಾಗಿ ಬೇರೆಂದೂ ತಿರುಗಿದ ನೆನಪಿಲ್ಲ. ನಿಂತ ಮೇಲೆ ನೋಡಿದರೆ ಇಬ್ಬರಲ್ಲೂ ಅದೇ ಹಳದಿ ನೀರು, ಅದೇ ತೆಳ್ಳನೆಯ ಬಿಳಿ ಗೆರೆ. ಆದರೆ ತಂಗಿಯ ಟ್ಯೂಬಿನ ಕೆಂಪು ಅರ್ಧದ ಹತ್ತಿರ ಬಂದಿತ್ತು, ಅಕ್ಕನದು ರಕ್ತ ಸೋರಿ ಕಡಿಮೆಯಾದವರ ಹಾಗೆ ತಳದಲ್ಲಿ ಕುಗ್ಗಿ ಕೂತಿತ್ತು. ನನಗೆ ಯಾಕೋ ಕಸಿವಿಸಿಯಾಯಿತು.

ಸೂಜಿ ಕಂಡು ಕಸ್ತೂರಿಗೆ ತಲೆ ಸುತ್ತಿತ್ತು. ಹೊರಗಿನ ಬೆಂಚಿನಲ್ಲಿ ಅಕ್ಕ ಅವಳಿಗೆ ಚಹಾ ಕುಡಿಸುತ್ತಾ ಕೂತಿದ್ದಳು. ಅಷ್ಟರಲ್ಲಿ ವರದಿ ಬಂತು. ವರದಿಯ ಬೆನ್ನಿಗೇ ಹಂಪಿಹೊಳಿ ಡಾಕ್ಟರು ಬಂದರು. ಮುಖ ಕೆಂಪಗಾಗಿತ್ತು.

"ಏನ್ರಿ ಇದು ನದಾಫ್? ಹೋದ ತಿಂಗಳು ಇದೇ ಪೇಷಂಟಿನ ಸಿಆರ್‌ಪಿ ನಾರ್ಮಲ್. ಇವತ್ತ ಎಂಬತ್ತರ ಮ್ಯಾಲೆ! ಯಾರದೋ ಟ್ಯೂಬು ಯಾರಿಗೋ ಹಚ್ಚೀರಿ."

"ಇಲ್ರಿ ಸರ್. ನಾನೇ ತಗದೇನಿ, ನಾನೇ ಹೆಸರು ಹಚ್ಚೇನಿ."

"ಹಂಗಾದ್ರ ಈ ಹಳೇ ಮಷಿನ್ ಕೆಟ್ಟೈತಿ. ಇದನ್ನ ಮೊದಲ ಹೊರಗ ಹಾಕ್ರಿ."

ಹೊರಗೆ ಹಾಕಿ! ನನಗೆ ಮೈಯೆಲ್ಲ ಬೆಂಕಿ ಹತ್ತಿದಂತಾಯಿತು. ನದಾಫ್ ಮೇಡಂ ಉಳಿದ ರಕ್ತವನ್ನು ಮತ್ತೊಮ್ಮೆ ನನ್ನೊಳಗಿಟ್ಟರು, ಎದುರಿಗೆ ನೀರು ಇಟ್ಟರು. ಡಾಕ್ಟರು ನನ್ನ ಮುಚ್ಚಳದ ಮೇಲೆ ಬೆರಳು ಕುಟ್ಟುತ್ತಾ ನಿಂತರು. ನಾನು ಮೈಮೇಲೆ ದೇವರು ಬಂದವನಂತೆ ತಿರುಗಿದೆ. ನಿಲ್ಲುವಾಗ ಮಾತ್ರ ಉಸಿರು ಬಿಗಿಹಿಡಿದು, ಒಂದು ಹನಿಯೂ ಕದಡದಂತೆ ನಿಂತೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಅಂಕಿ ಬಂತು.

"ಹಂಗಾದ್ರ ಹೋದ ತಿಂಗಳಿಂದು ತಪ್ಪು, ಅದರ ಹಿಂದಿನದೂ ತಪ್ಪು!" ಡಾಕ್ಟರ ದನಿ ಏರಿತು. "ಇಷ್ಟು ದಿನ ನಿಮ್ಮ ರಿಪೋರ್ಟ್ ನಂಬಿ ಆಕಿಗೆ ಸಣ್ಣ ಔಷಧದಾಗ ಇಟ್ಟೇನಿ. ಆಕಿ ಕರುಳಿಗೆ ಏನರೆ ಆದ್ರ ಯಾರ ಜವಾಬ್ದಾರಿ? ನಾಳಿಂದ ನೀವು ಈ ಕೆಲಸಕ್ಕ ಬ್ಯಾಡ. ಮ್ಯಾಲೆ ಬರೀತೇನಿ ನಾನು."

ನದಾಫ್ ಮೇಡಂ ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟರು. ಟ್ಯೂಬಿನ ಮೇಲೆ ತಾವೇ ಹಚ್ಚಿದ ಹೆಸರನ್ನು ಮತ್ತೊಮ್ಮೆ ಓದಿದರು.

ಆಗ ಬಾಗಿಲಲ್ಲಿ ಖಾಕಿ ಕಂಡಿತು.

"ಮೇಡಂದು ಏನೂ ತಪ್ಪಿಲ್ರಿ ಸರ್" ಎಂದಳು ಅನುಸೂಯಾ. ಬಸ್ಸಿನ ಕೊನೆಯ ಸೀಟಿಗೂ ಕೇಳುವ ಅವಳ ದನಿ ಅವತ್ತು ಬಾಗಿಲಿನಿಂದ ಮೇಜಿನವರೆಗೆ ಬರುವುದೇ ಕಷ್ಟವಾಗಿತ್ತು. "ರಿಪೋರ್ಟ್ ಎಲ್ಲಾ ಖರೇನ ಅದಾವ. ಸುಳ್ಳು ನಂದು."

"ಏನ್ ಹೇಳ್ತೀ ನೀನು?"

"ನಮ್ಮ ಲೈನಿನ್ಯಾಗ ಚೆಕಿಂಗ್ ಬರತೈತಿ ಅಂತ ಸುಳಿವು ಸಿಕ್ರ, ಹಿಂದಿನ ಸ್ಟಾಪಿನ್ಯಾಗ ಎಲ್ಲಾ ಸರಿ ಮಾಡಿ ಇಟಕೋತೇವ್ರಿ. ಟಿಕೆಟ್ ಯಾರದರೆ ಉಳದೈತೇನು, ಚೀಲದ ರೊಕ್ಕ ಹೊಂದತೈತೇನು ಅಂತ. ಇದನ್ನೂ ನಾ ಚೆಕಿಂಗ್ ಅಂತನ ತಿಳಕೊಂಡೆ. ಮೊದಲಿಗೆ ನೀವು ಕೊಟ್ಟಿದ್ರಲ್ಲ, ಸಣ್ಣ ಬಿಳಿ ಗುಳಿಗಿ, ಹದಿನೈದು ದಿನಕ್ಕ ನಿಲ್ಲಸು ಅಂದಿದ್ರಿ. ಅವನ್ನ ಅಂಗಡಿಯಾಗ ಇಸಕೊಂಡು ಮನ್ಯಾಗ ಇಟ್ಟೇನ್ರಿ. ಟೆಸ್ಟಿಗೆ ನಾಕು ದಿನ ಇದ್ದಾಗ ತಗೋತಿದ್ದೆ, ಬರೇ ಗಂಜಿ ಕುಡೀತಿದ್ದೆ. ರಿಪೋರ್ಟ್ ಛಲೋ ಬರತಿತ್ತು. ಮರುದಿನದಿಂದ ಮತ್ತ ರಕ್ತ."

ನದಾಫ್ ಮೇಡಂ ಹಳೆಯ ವರದಿಗಳನ್ನು ತೆಗೆದು ತಾರೀಖು ನೋಡಿದರು.

"ರೂಟು ಬಿಡಸ್ತೀರಿ ಅಂದಿದ್ರಲ್ರಿ" ಎಂದಳು. "ಹೊರಗ ಕುಂತು ಎಲ್ಲಾ ಕೇಳಿಸ್ಕೊಂಡೆ. ಡ್ರೈವರ್ ಮಾಡಿದ್ದಕ್ಕ ಕಂಡಕ್ಟರ್‌ಗೆ ಮೆಮೊ ಬಂದ್ರ ಹ್ಯಾಂಗ ಆಗತೈತಿ ಅಂತ ನನಗ ಗೊತ್ತೈತ್ರಿ. ಮೇಡಂಗ ಏನೂ ಮಾಡಬ್ಯಾಡ್ರಿ. ನನ್ನ ರೂಟು ಹೋದ್ರ ಹೋಗಲಿ."

ಎಂಥ ಮಾತು! ತಾನು ಇದ್ದೂ ಇಲ್ಲದಂತಾಗುತ್ತೇನೆ ಎಂದು ಯಾವುದಕ್ಕೆ ಹೆದರಿದ್ದಳೋ, ಅದನ್ನೇ ಎತ್ತಿ ಮೇಜಿನ ಮೇಲಿಟ್ಟುಬಿಟ್ಟಳು. ಕಸ್ತೂರಿ ಹಿಂದಿನಿಂದ ಬಂದು ಅಕ್ಕನ ಬೆನ್ನಿಗೆ ಒಂದು ಗುದ್ದಿ, ಆಮೇಲೆ ಅದೇ ಬೆನ್ನಿಗೆ ಮುಖ ಒತ್ತಿ ಅತ್ತಳು. ಹಂಪಿಹೊಳಿ ಡಾಕ್ಟರು ನನ್ನ ಮುಚ್ಚಳದ ಮೇಲಿಂದ ಕೈ ತೆಗೆದರು. ಮೊದಲು ನದಾಫ್ ಮೇಡಂ ಕಡೆ ತಿರುಗಿ, "ತಪ್ಪಾತ್ರಿ" ಎಂದರು. ಮತ್ತೆ ಅನುಸೂಯಾಳ ಮುಂದೆ ಸ್ಟೂಲು ಎಳೆದುಕೊಂಡು ಕೂತರು.

"ಆ ಸ್ಟಿರಾಯ್ಡ್ ಗುಳಿಗಿ ನಾಕು ದಿನ ಉರಿ ಮುಚ್ಚಿಡತೈತಿ ಅಷ್ಟ. ಹಿಂಗ ಒಮ್ಮೆ ತಗೊಂಡು ಒಮ್ಮೆ ಬಿಟ್ರ ಎಷ್ಟು ಕೆಟ್ಟದ್ದು ಗೊತ್ತೇನು? ರೂಟು ಬಿಡಸ್ತೀನಿ ಅಂತ ಹೆದರಿಸಿದ್ದು ನನ್ನದೂ ತಪ್ಪು. ಆದ್ರ ನಾನು ಚೆಕಿಂಗಿನವ ಅಲ್ಲವಾ. ನಿನ್ನ ಬಸ್ಸಿನ್ಯಾಗ ಕುಂತಾಂವ ನಾನೂ. ಬ್ರೇಕ್ ಹಿಡೀವಲ್ದು ಅಂತ ನೀ ಹೇಳಲಿಲ್ಲಂದ್ರ ಇಬ್ಬರೂ ಹೋಗ್ತೀವಿ."

ಅವತ್ತೇ ಅವಳನ್ನು ಭರ್ತಿ ಮಾಡಿಕೊಂಡರು. ಮುಂದಿನ ದಿನಗಳು ನನ್ನ ಬದುಕಿನ ಅತಿ ಕೆಟ್ಟ ದಿನಗಳು. ಕರುಳನ್ನು ಕತ್ತರಿಸಿ ತೆಗೆಯಬೇಕಾದೀತು ಎಂಬ ಮಾತು ಕೋಣೆಯಲ್ಲಿ ಹರಿದಾಡಿತು. ಬೆಳಿಗ್ಗೆ ಅವಳ ಟ್ಯೂಬು ಬರುವವರೆಗೆ ನಾನು ಬೇರೆಯವರ ರಕ್ತವನ್ನು ಮನಸ್ಸಿಲ್ಲದೆ ತಿರುಗಿಸುತ್ತಿದ್ದೆ. ಬಂದ ಮೇಲೆ ಅಂಕಿ ತಿಳಿಯುವವರೆಗೆ ಇನ್ನೂ ಕಷ್ಟ. ಹೊಸದೊಂದು ಇಂಜೆಕ್ಷನ್ ಶುರು ಮಾಡಿದರು. ಮೊದಲು ಅಂಕಿ ಅಲ್ಲಾಡಲಿಲ್ಲ. ಆಮೇಲೆ ಜಿಪುಣನ ಹಾಗೆ ಚೂರು ಚೂರೇ ಇಳಿಯಿತು. ಒಂದು ಬೆಳಿಗ್ಗೆ ನದಾಫ್ ಮೇಡಂ ವರದಿ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಮುಚ್ಚಳಕ್ಕೆ ಮುತ್ತು ಕೊಟ್ಟರು. ಕತ್ತರಿಯ ಮಾತು ಮತ್ತೆ ಕೇಳಲಿಲ್ಲ.

ಜೀನಿನ ಫಲಿತಾಂಶ ಬಂದದ್ದು ಬಹಳ ತಿಂಗಳ ಮೇಲೆ. ಡಾಕ್ಟರು ಅಕ್ಕತಂಗಿಯರನ್ನು ನಮ್ಮ ಕೋಣೆಯಲ್ಲೇ ಕೂರಿಸಿಕೊಂಡು ಹೇಳಿದರು.

"ಕಾವಲುಗಾರರ ಜೀನಿನ್ಯಾಗ ಒಂದು ಬದಲಾವಣೆ ಸಿಕ್ಕೈತಿ. ಇಬ್ಬರೊಳಗೂ ಅದೇ ಐತಿ."

ಅನುಸೂಯಾ ತಂಗಿಯ ಕೈ ಗಟ್ಟಿಯಾಗಿ ಹಿಡಿದಳು. "ಅಂದ್ರ ಇಕಿಗೂ ಬರತೈತೇನ್ರಿ?"

"ಬರಲೇಬೇಕು ಅಂತಿಲ್ಲ. ಬರೂದಿಲ್ಲ ಅಂತ ಹೇಳಾಕೂ ಆಗೂದಿಲ್ಲ. ಅದೊಂದ ಜೀನ್ ಎಲ್ಲಾ ತೀರ್ಮಾನ ಮಾಡೂದಿಲ್ಲ. ನಿನಗ್ಯಾಕ ಬಂತು, ಇಕಿಗ್ಯಾಕ ಬರಲಿಲ್ಲ, ನನಗೂ ಗೊತ್ತಿಲ್ಲವಾ. ಅದನ್ನ ಹುಡುಕಾಕತ್ತೇನಿ."

"ಬಂದ್ರ ಬರಲಿ ಬಿಡ್ರಿ" ಎಂದಳು ಕಸ್ತೂರಿ. "ನಾ ಮೊದಲನೇ ದಿನಾನ ಬಂದು ಹೇಳ್ತೇನಿ. ಇಕಿ ಗತೆ ಮುಚ್ಚಿಡಾಂಗಿಲ್ಲ."

ಅಕ್ಕ ತಂಗಿಯ ತಲೆಗೆ ಒಂದು ಮೊಟಕಿದಳು. ಮೂವರೂ ನಕ್ಕರು. ನಾನು ಮಾತ್ರ ತಳಮಳಿಸಿದೆ. ಅಷ್ಟು ಜೋರಾಗಿ ತಿರುಗಿ, ಅಷ್ಟು ನಾಜೂಕಾಗಿ ಬೇರೆ ಮಾಡಿ ಕೊಟ್ಟ ಮೇಲೂ ಉತ್ತರ ಸಿಗಲಿಲ್ಲವಲ್ಲ! ಆ ಬಿಳಿ ಗೆರೆ ಈಗಲೂ ನನ್ನನ್ನು ಕಾಡುತ್ತದೆ.

ವರ್ಷಗಳು ಕಳೆದವು. ನದಾಫ್ ಮೇಡಂ ನಿವೃತ್ತರಾದರು. ನನ್ನ ಜಾಗಕ್ಕೆ ಸದ್ದೇ ಮಾಡದ ಹೊಸ ಯಂತ್ರ ಬಂತು. ನನ್ನನ್ನು ನವಲಗುಂದದ ಬಸ್ ನಿಲ್ದಾಣದ ಎದುರಿನ ಒಂದು ಪುಟ್ಟ ಲ್ಯಾಬಿಗೆ ಮಾರಿದರು. ಕೆಲಸ ಕಡಿಮೆ, ಕರೆಂಟು ಇನ್ನೂ ಕಡಿಮೆ. ಕೂತು ಕೂತು ಹುಚ್ಚು ಹಿಡಿಯುವುದೊಂದು ಬಾಕಿ. ಹೀಗಿರುವಾಗ ಒಂದು ಮಧ್ಯಾಹ್ನ ಬಾಗಿಲಲ್ಲಿ ಖಾಕಿ ಕಂಡಿತು, ಸೀಟಿ ಕಂಡಿತು. ಅನುಸೂಯಾ! ತಲೆಯಲ್ಲಿ ಬೆಳ್ಳಿಗೂದಲು, ಭುಜದಲ್ಲಿ ಅಂಗಿ ತುಂಬಿಕೊಂಡಿತ್ತು. ಈಗ ಅವಳದು ಹುಬ್ಬಳ್ಳಿ–ನವಲಗುಂದದ ಗಿಡ್ಡ ರೂಟು. ಎರಡೂ ತುದಿಯಲ್ಲಿ ಶೌಚಾಲಯವಿರುವ ನಿಲ್ದಾಣ. ಡಾಕ್ಟರೇ ಡಿಪೋಗೆ ಪತ್ರ ಬರೆದು ಕೊಡಿಸಿದ್ದಂತೆ.

"ಸಿಆರ್‌ಪಿ ನೋಡ್ರಿ ತಮ್ಮಾ. ಎರಡು ದಿನದಿಂದ ಹೊಟ್ಟಿ ಸರಿ ಇಲ್ಲ" ಎಂದಳು.

"ಅಕ್ಕಾರ, ಊಟ ಮಾಡೀರೇನು? ನಾಳೆ ಮುಂಜಾನೆ ಬೇಕಾದ್ರ ಬರ್ರಿ" ಎಂದ ಲ್ಯಾಬಿನವನು.

"ಇದ್ದಂಗ ತಗೋರಿ. ಇದ್ದಂಗ ಇರೂದ ಬೇಕು ನಮ್ಮ ಡಾಕ್ಟರಿಗೆ."

ಎದುರಿಗೆ ನೀರಿನ ಟ್ಯೂಬು ಇಟ್ಟು ಅವನು ಗುಂಡಿ ಒತ್ತಿದ. ನಾನು ತಿರುಗಿದೆ. ನನ್ನ ಮೋಟಾರಿನಿಂದ ಸುಟ್ಟ ವಾಸನೆ ಬರುತ್ತಿತ್ತು, ಆದರೂ ತಿರುಗಿದೆ, ಮೆಲ್ಲಗೆ ನಿಂತೆ. ಅಂಕಿ ಸ್ವಲ್ಪ ಏರಿತ್ತು. ಅವಳು ಅಲ್ಲೇ ನಿಂತು ಹುಬ್ಬಳ್ಳಿಗೆ ಫೋನು ಮಾಡಿ ಹೇಳಿದಳು. ಏರಿದ್ದನ್ನು ಯಾವ ಅಳುಕೂ ಇಲ್ಲದೆ, ಟಿಕೆಟ್ ದರ ಹೇಳಿದಷ್ಟೇ ಸಲೀಸಾಗಿ ಹೇಳಿದಳು. ಅದು ನಾನು ತಿರುಗಿಸಿದ ಕೊನೆಯ ರಕ್ತ. ಮರುದಿನ ಗುಂಡಿ ಒತ್ತಿದರೆ ನನ್ನಿಂದ ಹೊಗೆ ಮಾತ್ರ ಬಂತು.

ಈಗ ನಾನು ನಿಲ್ದಾಣದ ಕಾಂಪೌಂಡಿಗೆ ಅಂಟಿಕೊಂಡ ಗುಜರಿ ಅಂಗಡಿಯಲ್ಲಿದ್ದೇನೆ. ಮೇಲೆ ಒಂದು ಮುರಿದ ಫ್ಯಾನು, ಪಕ್ಕದಲ್ಲಿ ತುಕ್ಕು ಹಿಡಿದ ಸೈಕಲ್ಲು. ಯಾವತ್ತೋ ಒಂದು ದಿನ ನನ್ನ ಚಕ್ರವನ್ನು ಕರಗಿಸುತ್ತಾರೆ. ಅದರ ಚಿಂತೆ ಇಲ್ಲ. ತಿರುಗಲಾಗದೆ ಇರುವುದೇ ಸಂಕಟ. ಆದರೆ ಗೋಡೆಯಾಚೆ ಬಸ್ಸುಗಳು ಬರುತ್ತವೆ. ನಾನು ಅವಳ ದನಿಗೆ ಕಾಯುತ್ತೇನೆ. ಆ ಸಲ ಅಂಕಿ ಏರಿದ ಮೇಲೆ ಎಷ್ಟೋ ದಿನ ಆ ದನಿ ಕೇಳಲಿಲ್ಲ. ನಾನು ಪಟ್ಟ ಪಾಡು ಹೇಳತೀರದು. ಒಂದು ದಿನ ಮತ್ತೆ ಕೇಳಿತು. "ಹುಬ್ಬಳ್ಳಿ, ಹುಬ್ಬಳ್ಳಿ, ಹುಬ್ಬಳ್ಳೀ!"

ನಿನ್ನೆ ಬಸ್ಸು ತುಂಬಿತ್ತು. ಡ್ರೈವರು ಎಂಜಿನ್ ಶುರು ಮಾಡಿ ಹಾರ್ನ್ ಹೊಡೆಯುತ್ತಿದ್ದ. ಆಗ ಅವಳ ದನಿ ಕೊನೆಯ ಸೀಟಿನವರೆಗೆ, ಗೋಡೆ ದಾಟಿ ನನ್ನವರೆಗೆ ಕೇಳಿತು.

"ಅಣ್ಣಾರ, ಬಸ್ ಬಂದ್ ಮಾಡ್ರಿ. ನನಗ ಹೊಟ್ಟಿ ಬ್ಯಾನಿ ಐತಿ, ಸಂಡಾಸಕ್ಕ ಹೋಗಿ ಬರ್ತೇನಿ. ಎಲ್ಲಾರೂ ಒಂದೀಟು ತಡೀರಿ."

ಯಾರೋ ಗೊಣಗಿದರು. ಯಾವುದೋ ಅಜ್ಜಿ, "ಹೋಗಿ ಬಾರವಾ, ನಮಗೇನ್ ಅವಸರ ಐತಿ" ಎಂದಳು. ಎಂಜಿನ್ ನಿಂತಿತು. ತುಂಬಿದ ಬಸ್ಸು ಅವಳಿಗಾಗಿ ಸುಮ್ಮನೆ ಕಾದಿತ್ತು. ನಾನೂ ಕಾದೆ. ಚಡಪಡಿಸಲಿಲ್ಲ ಎಂದರೆ ಸುಳ್ಳಾಗುತ್ತದೆ, ಚಡಪಡಿಸುತ್ತಲೇ ಕಾದೆ. ಆಮೇಲೆ ಸೀಟಿ ಎರಡು ಸಲ ಕೂಗಿತು, ಬಸ್ಸು ಹೊರಟಿತು.